ವಾಲ್ವಿನ ಪೆಟ್ಟಿಗೆಯೂ ಅದರ ಸಾಲಾವಳಿಯೂ

ಸಾಲಾವಳಿ ನೋಡದೆ ಹೆಣ್ಣು ಕೊಡುವವರು ಈಗಿನ ಕಾಲದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅವರನ್ನು ನಮ್ಮ ಸೋದರಮಾವ ಆಕ್ಷೇಪಿಸುವುದಿಲ್ಲ. ಸಾಲಾವಳಿ ನೋಡದೆ ಆಂಪ್ಲಿಫೈಯರಿಗೆ ಸ್ಪೀಕರು ಕಟ್ಟುವವರನ್ನು ಮಾತ್ರ ಅವರು ಕ್ಷಮಿಸಿದ್ದನ್ನು ನಾನು ಕಂಡಿಲ್ಲ. "ಎಷ್ಟು ಓಮ್ಸು?" ಎಂಬುದು ಅವರ ಮೊದಲ ಪ್ರಶ್ನೆ. ಸ್ಪೀಕರು ಎಷ್ಟು ದೊಡ್ಡದು, ಯಾವ ಕಂಪೆನಿಯದು, ಕ್ರಯವೆಷ್ಟು ಎಂಬುದೆಲ್ಲ ಆಮೇಲಿನ ಮಾತು.

ನಾನು ಪಾಠ ಹೇಳುವುದು ಚರಿತ್ರೆ. ವಿದ್ಯುಚ್ಛಕ್ತಿಗೂ ನನಗೂ ಇರುವ ನಂಟು ತಿಂಗಳಿಗೊಮ್ಮೆ ಬಿಲ್ಲು ಕಟ್ಟುವಷ್ಟರದು. ಆದರೂ ಈ ವಿಷಯವನ್ನು ಎತ್ತಿಕೊಂಡದ್ದಕ್ಕೆ ಕಾರಣ ಉಂಟು. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಹಳೆಯ ಮನೆಗಳ ಅಟ್ಟದ ಮೇಲೆ ವಾಲ್ವಿನ ರೇಡಿಯೋಗಳೂ ಆಂಪ್ಲಿಫೈಯರುಗಳೂ ಇನ್ನೂ ಧೂಳು ತಿನ್ನುತ್ತ ಕುಳಿತಿವೆ. ಅವುಗಳನ್ನು ಕೆಳಗಿಳಿಸಿ, ಒರೆಸಿ, ಕೈಗೆ ಸಿಕ್ಕಿದ ಸ್ಪೀಕರೊಂದನ್ನು ಕಟ್ಟಿ ಸ್ವಿಚ್ಚು ಹಾಕಿಬಿಡುವ ಉತ್ಸಾಹ ಈಚೆಗೆ ನಮ್ಮ ವಿದ್ಯಾರ್ಥಿಗಳಲ್ಲಿ ಕಾಣುತ್ತಿದೆ. ಉತ್ಸಾಹ ಒಳ್ಳೆಯದೇ. ಆದರೆ ಪೆಟ್ಟಿಗೆಯೊಳಗೆ ಮುನ್ನೂರು ನಾನೂರು ವೋಲ್ಟು ಕುಳಿತಿರುತ್ತದೆ. ಅದು ಉತ್ಸಾಹಕ್ಕೆ ಮರ್ಯಾದೆ ಕೊಡುವುದಿಲ್ಲ.

ನಮ್ಮ ಮಾವನಿಗೆ ಮಾಗಡಿ ರಸ್ತೆಯಲ್ಲಿ ಮೈಕ್ ಸೆಟ್ಟಿನ ಅಂಗಡಿ ಇತ್ತು. ಮದುವೆ, ಮುಂಜಿ, ಗಣಪತಿ, ರಾಜ್ಯೋತ್ಸವ, ಚುನಾವಣೆ ಇವು ಅವರ ಐದು ಋತುಗಳು. ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಆಕಾಶವಾಣಿ ಎಂಬ ಹೆಸರಿಟ್ಟು ಆರಂಭಿಸಿದ ಬಾನುಲಿ, 1955ರಲ್ಲಿ ಬೆಂಗಳೂರಿನಲ್ಲಿ ನೆಲೆಗೊಂಡಾಗ ಮಾವ ಹನ್ನೊಂದು ವರ್ಷದ ಹುಡುಗ. ಪಕ್ಕದ ಮನೆಯ ರೇಡಿಯೋದ ಮುಂದೆ ಎಲ್ಲರೂ ಕುಳಿತು ಹಾಡು ಕೇಳುತ್ತಿದ್ದರೆ, ತಾವು ಮಾತ್ರ ಅದರ ಬೆನ್ನ ಹಿಂದೆ ನಿಂತು ಒಳಗಿನ ಕೆಂಪು ಬೆಳಕನ್ನು ನೋಡುತ್ತಿದ್ದರಂತೆ. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1954ರಲ್ಲಿ ಸ್ಥಾಪಿತವಾಯಿತು. 1961ರಲ್ಲಿ ಅಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆ ಆರಂಭವಾಯಿತು. ವಿಲಾಯತಿಯ ಹೆಸರಿನ ವಾಲ್ವಿನ ಮೇಲೆ ನಮ್ಮೂರಿನ ಮುದ್ರೆ ಬಿದ್ದದ್ದನ್ನು ಕಂಡು ಅಂದಿನ ಮೆಕ್ಯಾನಿಕ್ಕುಗಳು ಎಷ್ಟು ಹಿಗ್ಗಿದರೋ! ಮಾವನ ಪೆಟ್ಟಿಗೆಯ ಮುಂದಿನ ಸಣ್ಣ ವಾಲ್ವು, ಇಸಿಸಿ83 ಎಂಬುದು, ಅಲ್ಲಿಯದೇ. ಹಿಂದಿನ ದೊಡ್ಡ ವಾಲ್ವುಗಳು ಎರಡು, 6ಎಲ್6 ಜಾತಿಯವು. ಈ ಜಾತಿ 1936ರಲ್ಲಿ ಅಮೆರಿಕೆಯಲ್ಲಿ ಹುಟ್ಟಿದ್ದು. ಎರಡೂ ಸರದಿಯ ಮೇಲೆ ಒಂದು ಎಳೆದಾಗ ಇನ್ನೊಂದು ಬಿಡುತ್ತ, ಗರಗಸ ಹಿಡಿದ ಇಬ್ಬರಂತೆ ಕೆಲಸಮಾಡುತ್ತವೆ. ಆ ದುಡಿಮೆಯಿಂದ ಸುಮಾರು 15 ವಾಟು ಧ್ವನಿ. ಇಂದಿನ ಹುಡುಗರ ಲೆಕ್ಕದಲ್ಲಿ ಅದು ಏನೂ ಅಲ್ಲ. ಎರಡು ಹಾರ್ನು ಕಟ್ಟಿದರೆ ಒಂದು ಬೀದಿಗೆ ಧಾರಾಳವಾಗಿ ಸಾಕು.

ಈಗ ಈ ಓಮಿನ ವಿಚಾರ. ಕಲಾವಿಭಾಗದ ವಾಚಕರು ಹೆದರಬೇಕಾಗಿಲ್ಲ. ನನಗೆ ಅರ್ಥವಾದದ್ದು ಎಲ್ಲರಿಗೂ ಅರ್ಥವಾಗುತ್ತದೆ. ವಾಲ್ವಿಗೆ ವೋಲ್ಟು ಹೆಚ್ಚು, ಕರೆಂಟು ಬಹಳ ಕಡಿಮೆ. ಸ್ಪೀಕರಿಗೆ ಬೇಕಾದದ್ದು ಇದಕ್ಕೆ ತಿರುಗುಮುರುಗು: ವೋಲ್ಟು ಹತ್ತು ಹನ್ನೊಂದು ಸಾಕು, ಕರೆಂಟು ಆಂಪಿಯರು ಲೆಕ್ಕದಲ್ಲಿ ಬೇಕು. ಇವರಿಬ್ಬರ ನಡುವೆ ಮಾತುಕತೆ ನಡೆಸಲು ಕೂರಿಸಿರುವ ಮಧ್ಯಸ್ಥನೇ ಔಟ್‌ಪುಟ್ ಟ್ರಾನ್ಸ್‌ಫಾರ್ಮರು. ಕಲ್ಲುಕುಟಿಗರು ಹಾರೆ ಮೀಟಿ ಬಂಡೆ ಎತ್ತುವುದನ್ನು ನೋಡಿದ್ದೀರಷ್ಟೆ? ಹಾರೆಯ ಉದ್ದನೆಯ ತುದಿಯಲ್ಲಿ ಆಳು ಹಗುರವಾಗಿ ಒತ್ತಿದರೆ ಕೈ ಒಂದು ಮೊಳ ಇಳಿಯುತ್ತದೆ. ಮೋಟು ತುದಿಯಲ್ಲಿ ಬಂಡೆ ಒಂದು ಬೆರಳಷ್ಟು ಏಳುತ್ತದೆ, ಆದರೆ ಮಣಗಟ್ಟಲೆ ಭಾರ ಏಳುತ್ತದೆ. ಟ್ರಾನ್ಸ್‌ಫಾರ್ಮರು ತಾಮ್ರದ ತಂತಿಯಲ್ಲಿ ಮಾಡಿದ ಹಾರೆ. ಆ ಜೋಡಿ 6ಎಲ್6 ವಾಲ್ವುಗಳಿಗೆ ತಮ್ಮ ತುದಿಯಲ್ಲಿ ಸುಮಾರು 5000 ಓಮಿನ ಭಾರ ಕಂಡರೆ ಸುಖ. ಸ್ಪೀಕರಿನದೋ ಬರಿಯ 8 ಓಮು. ಒಂದು ಕಡೆ 25 ಸುತ್ತಿಗೆ ಇನ್ನೊಂದು ಕಡೆ 1 ಸುತ್ತು ಹಾಕಿದರೆ, 25ನ್ನು 25ರಿಂದ ಗುಣಿಸಿ, ಬಂದ 625ನ್ನು 8ರಿಂದ ಗುಣಿಸಬೇಕು: ಸರಿಯಾಗಿ 5000.

ಇಲ್ಲಿ ಗಮನಿಸತಕ್ಕ ಒಂದು ಸಂಗತಿ ಇದೆ. ಟ್ರಾನ್ಸ್‌ಫಾರ್ಮರಿನಲ್ಲಿ 5000 ಎಂಬ ಗುಣ ಎಲ್ಲಿಯೂ ಇಲ್ಲ. ಅದಕ್ಕೆ ತಿಳಿದಿರುವುದು 25ಕ್ಕೆ 1 ಎಂಬ ಪ್ರಮಾಣ ಮಾತ್ರ. ಅದೇ ತುದಿಗೆ 4 ಓಮಿನ ಸ್ಪೀಕರು ಕಟ್ಟಿದರೆ ವಾಲ್ವಿಗೆ 2500 ಕಾಣುತ್ತದೆ. 16ರದನ್ನು ಕಟ್ಟಿದರೆ 10,000. ಭಾರ ಅರ್ಧವಾದರೆ ವಾಲ್ವು ಹೆಚ್ಚು ಕರೆಂಟು ಎಳೆದು ಬಿಸಿಯೇರುತ್ತದೆ, ಆಯುಸ್ಸು ಸವೆಯುತ್ತದೆ. ಇಮ್ಮಡಿಯಾದರೆ ವೋಲ್ಟು ಹೆಚ್ಚು ತೂಗಾಡುತ್ತದೆ, ಜೋರು ಹಾಡಿಸಿದಾಗ ವಾಲ್ವಿನೊಳಗಿನ ಸ್ಕ್ರೀನಿಗೆ ಕಷ್ಟ. ಇಷ್ಟನ್ನು ಹಳೆಯ ಗಟ್ಟಿ ಸೆಟ್ಟುಗಳು, ಧ್ವನಿಯನ್ನು ಸಣ್ಣಗೆ ಇಟ್ಟುಕೊಂಡರೆ, ಹೇಗೋ ಸಹಿಸುತ್ತವೆ. ಸಹಿಸಲಾರದ ವಿಷಯ ಒಂದೇ: ಸ್ಪೀಕರೇ ಇಲ್ಲದಿರುವುದು.

ಇದು ಮೊದಲು ಕೇಳಿದಾಗ ನನಗೆ ವಿಪರೀತವಾಗಿ ತೋರಿತು. ಕೆಲಸವೇ ಇಲ್ಲದವನಿಗೆ ಆಯಾಸವೇನು? ಇಂದಿನ ಟ್ರಾನ್ಸಿಸ್ಟರು ಸೆಟ್ಟುಗಳಿಗೆ ಈ ತರ್ಕ ಸರಿ; ಸ್ಪೀಕರು ಕಳಚಿದರೆ ಅವು ಸುಮ್ಮನಿರುತ್ತವೆ, ಅವುಗಳಿಗೆ ಆಗದ್ದು ತಂತಿಗೆ ತಂತಿ ತಗಲುವ ಶಾರ್ಟು. ವಾಲ್ವಿನ ಸ್ವಭಾವ ಬೇರೆ. ಹಾರೆಯ ಮೇಲೆ ಮೈಭಾರ ಬಿಟ್ಟು ಒತ್ತುತ್ತಿರುವಾಗ ಬಂಡೆ ಜಾರಿತೆನ್ನಿ. ಆಳಿನ ಮುಂದಿನ ಎರಡು ಹಲ್ಲು ಹೋಯಿತು. ಹಾಗೆಯೇ ಭಾರವಿಲ್ಲದ ಟ್ರಾನ್ಸ್‌ಫಾರ್ಮರಿನಲ್ಲಿ ವಾಲ್ವು ಕರೆಂಟನ್ನು ತಟ್ಟನೆ ನಿಲ್ಲಿಸಿದಾಗಲೆಲ್ಲ, ಕಬ್ಬಿಣದಲ್ಲಿ ಕೂಡಿಟ್ಟಿದ್ದ ಶಕ್ತಿ ಹೋಗಲು ದಾರಿ ಕಾಣದೆ ವಾಲ್ವಿನ ಕಡೆಯ ಸುತ್ತಿನಲ್ಲಿಯೇ ಪುಟಿಯುತ್ತದೆ. ಆ ಪುಟಿತ ಸಾವಿರ ವೋಲ್ಟನ್ನೂ ಮೀರಬಹುದು. ಎನಾಮಲು ತಂತಿಯ ಕವಚವೂ ಸುತ್ತಿನ ನಡುವಿನ ಕಾಗದವೂ ಅಷ್ಟಕ್ಕೆ ಮಾಡಿದವಲ್ಲ. ಎಲ್ಲಿಯೋ ಒಂದೆಡೆ ಕಿಡಿ ಹಾರುತ್ತದೆ, ಕವಚ ಸುಡುತ್ತದೆ. ಆಮೇಲೆ ಸ್ಪೀಕರು ತಂದು ಕಟ್ಟಿ ಪ್ರಯೋಜನವಿಲ್ಲ.

ಮಾವನ ಪೆಟ್ಟಿಗೆಗೆ ಕೆಲವು ವರ್ಷಗಳ ಹಿಂದೆ ಬಂದದ್ದು ಈ ಗಂಡಾಂತರವೇ. ರಾಜಾಜಿನಗರದಲ್ಲಿ ರಾಮನವಮಿಯೆಂದರೆ ಪಾನಕ ಕೋಸಂಬರಿಗೆ ಮುಗಿಯುವುದಿಲ್ಲ, ಸಂಗೀತವೂ ಆಗಬೇಕು. ಹಿಂದಿನ ವರ್ಷ ನಮ್ಮ ಬೀದಿಗೆ ಆಳೆತ್ತರದ ಕಪ್ಪು ಪೆಟ್ಟಿಗೆಗಳನ್ನು ತರಿಸಿ, ಗಾಯಕರ ಧ್ವನಿಗಿಂತ ಕಿಟಕಿಯ ಗಾಜಿನ ಧ್ವನಿಯೇ ಹೆಚ್ಚಾಗಿ ಕೇಳಿಬಂದಿತ್ತು. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕ ಕೂಡದೆಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ವಾಸದ ಬೀದಿಗಳಲ್ಲಿ ಹಗಲಿಗೂ 55 ಡೆಸಿಬೆಲ್ಲಿನ ಮಿತಿ ಹಾಕಿವೆ. ದೂರು ಬಂದಿತ್ತು. ಆದುದರಿಂದ ಹಿರಿಯರೆಲ್ಲ ಸೇರಿ, "ನಿಮ್ಮ ಹಳೇ ಸೆಟ್ಟನ್ನೇ ಕೊಡಿ, ಅದರಲ್ಲಿ ಪಿಟೀಲು ಪಿಟೀಲಿನ ಹಾಗೆ ಕೇಳುತ್ತೆ" ಎಂದು ಮಾವನನ್ನು ಕೇಳಿದರು. ಅಂಗಡಿ ಮುಚ್ಚಿ ವರ್ಷಗಳಾಗಿದ್ದವು. ಮಾವ ಹಿಗ್ಗಿದರು, ತೋರಿಸಿಕೊಳ್ಳಲಿಲ್ಲ. ತಾವೇ ಎರಡು ಹಾರ್ನುಗಳನ್ನು ಮೀಟರಿನಿಂದ ನೋಡಿ, ಒಂದೊಂದೂ 16 ಓಮಿನವಾದುದರಿಂದ ಜೋಡಿಯಾಗಿ ಪಕ್ಕಪಕ್ಕಕ್ಕೆ ಕಟ್ಟಿ 8 ಮಾಡಿ, 8ರ ತುದಿಗೆ ಕೊಟ್ಟರು. ಲೆಕ್ಕದಲ್ಲಿ ಕೂದಲೆಳೆಯ ತಪ್ಪೂ ಇರಲಿಲ್ಲ.

ಎರಡನೆಯ ಸಂಜೆ, ಕೀರ್ತನೆ ನಡೆಯುತ್ತಿದ್ದಾಗ, ಚಪ್ಪರ ಹಾಕುವವರ ಕಡೆಯ ಆಳೊಬ್ಬ ಸಡಿಲವಾದ ಗಳುವೊಂದನ್ನು ಬಿಗಿಯಲು ಹೋಗಿ ಹಗ್ಗದ ಜತೆಗೆ ಸ್ಪೀಕರಿನ ತಂತಿಯನ್ನೂ ಕತ್ತರಿಸಿಬಿಟ್ಟ. ಎರಡು ಹಾರ್ನೂ ಒಟ್ಟಿಗೆ ಮೂಕವಾದವು. ಮಾವ ಊಟಕ್ಕೆ ಮನೆಗೆ ಹೋಗಿದ್ದರು. ಪೆಟ್ಟಿಗೆಯ ಬಳಿ ಕೂರಿಸಿದ್ದ ಬೀದಿಯ ಹುಡುಗ, ಸದ್ದು ನಿಂತದ್ದನ್ನು ಕಂಡು, ನೂರರಲ್ಲಿ ತೊಂಬತ್ತೊಂಬತ್ತು ಜನ ಮಾಡುವುದನ್ನೇ ಮಾಡಿದ: ವಾಲ್ಯೂಮು ಏರಿಸಿದ. ಆಗಲೂ ಕೇಳಿಸಲಿಲ್ಲ, ಪೂರ್ತಿ ಏರಿಸಿದ. ಒಳಗೆ 'ಚಟ್' ಎಂದಿತಂತೆ. ಆಮೇಲೆ ಸುಟ್ಟ ಅರಗಿನ ವಾಸನೆ.

ಮಾವ ಬಂದು ನೋಡಿ ಹುಡುಗನನ್ನು ಬೈಯಲಿಲ್ಲ. "ಸದ್ದು ನಿಂತ್ರೆ ಕೈ ಮೊದ್ಲು ಸ್ವಿಚ್ಚಿಗೆ ಹೋಗ್ಬೇಕು ಕಣಪ್ಪ, ವಾಲ್ಯೂಮಿಗಲ್ಲ" ಎಂದರು, ಅಷ್ಟೆ. ಪೆಟ್ಟಿಗೆಯನ್ನು ಎತ್ತಿಕೊಂಡು ಮನೆಗೆ ಬಂದರು. ಆ ರಾತ್ರಿ ಅವರು ಮಾತನಾಡಲಿಲ್ಲ. ವಾಲ್ವು ಸುಟ್ಟರೆ ಇಂದಿಗೂ ರಷ್ಯಾ, ಚೀನಾ, ಸ್ಲೊವಾಕಿಯಾಗಳಿಂದ ಬರುತ್ತವೆ, ದುಡ್ಡು ಕೊಟ್ಟರೆ ಸಿಗುತ್ತವೆ. ಆದರೆ ಆ ಟ್ರಾನ್ಸ್‌ಫಾರ್ಮರು ಒಬ್ಬ ಕುಶಲಿ ಕೈಯಲ್ಲಿ ಸುತ್ತಿಕೊಟ್ಟದ್ದು. ಆತ ತೀರಿಹೋಗಿ ಬಹಳ ಕಾಲವಾಗಿತ್ತು. ಎಷ್ಟು ಸುತ್ತು ಎಂದು ಯಾರೂ ಬರೆದಿಟ್ಟಿರಲಿಲ್ಲ.

ಮರುದಿನ ಪೆಟ್ಟಿಗೆ ಬಿಚ್ಚುವುದನ್ನು ನಾನು ಕುಳಿತು ನೋಡಿದೆ. ಪ್ಲಗ್ಗು ಕಿತ್ತು ರಾತ್ರಿಯೆಲ್ಲ ಕಳೆದಿದ್ದರೂ ಮಾವ ಒಳಗೆ ಕೈ ಹಾಕಲಿಲ್ಲ. ದೊಡ್ಡ ಕಂಡೆನ್ಸರುಗಳು ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತವೆ, ಕೆಲವು ವೇಳೆ ಗಂಟೆಗಟ್ಟಲೆ. ಒಂದು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಇನ್ನೊಂದು ಕೈಯಲ್ಲಿ, ಕವಚವಿದ್ದ ತಂತಿಗೆ ಬೆಸೆದ ಒಂದು ಸಾವಿರ ಓಮಿನ ದಪ್ಪ ರೋಧಕವನ್ನು ಹಿಡಿದು, ಕಂಡೆನ್ಸರಿಗೂ ಚಾಸಿಸ್ಸಿಗೂ ನಡುವೆ ಕೆಲವು ಕ್ಷಣ ಮುಟ್ಟಿಸಿ, ಮೀಟರಿನಲ್ಲಿ ಸೊನ್ನೆ ಕಂಡ ಮೇಲೆಯೇ ಕೆಲಸಕ್ಕೆ ಇಳಿದರು. ಎರಡು ಕೈಯೂ ಒಳಗಿದ್ದರೆ ಹೊಡೆತ ಒಂದು ಕೈಯಿಂದ ಹೃದಯದ ಮೇಲೆ ಹಾದು ಇನ್ನೊಂದಕ್ಕೆ ಹೋಗುತ್ತದೆ. ಅದಕ್ಕಾಗಿ ಬೆನ್ನ ಹಿಂದಿನ ಕೈ. ಸ್ಕ್ರೂಡ್ರೈವರು ಅಡ್ಡ ಹಿಡಿದು ಕಿಡಿ ಹಾರಿಸುವವರನ್ನು ಕಂಡರೆ ಅವರಿಗೆ ಆಗದು.

ಸುಟ್ಟದ್ದನ್ನು ಹಿಡಿದುಕೊಂಡು ಕಾಮಾಕ್ಷಿಪಾಳ್ಯಕ್ಕೆ ಹೋದೆವು. ಅಲ್ಲಿನ ಸಂದಿಗೊಂದಿಗಳಲ್ಲಿ ಲೇತು, ಪಾಲಿಷು, ವೈಂಡಿಂಗು ಎಂದು ಸಣ್ಣ ಸಣ್ಣ ಕಾರ್ಖಾನೆಗಳು ಹೆಗಲಿಗೆ ಹೆಗಲು ಕೊಟ್ಟು ನಿಂತಿವೆ. ವೈಂಡಿಂಗಿನ ತರುಣನಿಗೆ ದಿನನಿತ್ಯ ಬರುವುದು ಬೋರ್‌ವೆಲ್ಲಿನ ಮೋಟಾರು. ಇದನ್ನು ಅಂಗೈ ಮೇಲೆ ತಿರುಗಿಸಿ ನೋಡಿ, "ಯಜಮಾನ್ರೆ, ಇದಕ್ಕೆ ಎಷ್ಟು ಸುತ್ತು?" ಎಂದ. "ಬಿಚ್ತಾ ಎಣಿಸು ತಮ್ಮಾ" ಎಂದರು ಮಾವ. ಕಬ್ಬಿಣದ ತಗಡುಗಳನ್ನು ಒಂದೊಂದಾಗಿ ಎಬ್ಬಿಸಿ ತೆಗೆದ ಮೇಲೆ ಸುರುಳಿ ಹೊರಬಂತು. ವಾಲ್ವಿನ ಕಡೆಯ ಸುತ್ತು ಎರಡು ಭಾಗ. ಒಂದು ಭಾಗ ಕರಿಕಾಗಿತ್ತು, ಇನ್ನೊಂದು ದೇವರ ದಯದಿಂದ ಚೆನ್ನಾಗಿತ್ತು. ಎಣಿಸಿದರೆ 1250. ಹಾಗಾದರೆ ಒಟ್ಟು 2500. ಸ್ಪೀಕರಿನ ಕಡೆ 8 ಓಮಿನ ತುದಿಗೆ 100 ಸುತ್ತು, 16ರ ತುದಿಗೆ 141.

ಅಂಗಡಿಯಲ್ಲಿ ಸಹಾಯಕ್ಕಿದ್ದ ಹುಡುಗ ಕೇಳಿದ ಪ್ರಶ್ನೆ ನನಗೂ ಬಂದಿತ್ತು, ಕೇಳಲು ಸಂಕೋಚವಾಗಿತ್ತು: ಎಂಟಕ್ಕೆ ನೂರಾದರೆ ಹದಿನಾರಕ್ಕೆ ಇನ್ನೂರಾಗಬೇಡವೆ? ಮಾವ ಅಲ್ಲಿದ್ದ ರಟ್ಟಿನ ಮೇಲೆ ಬರೆದು ತೋರಿಸಿದರು. ಸುತ್ತು ಇಮ್ಮಡಿಯಾದರೆ ವೋಲ್ಟು ಇಮ್ಮಡಿ, ಕರೆಂಟು ಅರ್ಧ. ಓಮು ಎಂದರೆ ವೋಲ್ಟನ್ನು ಕರೆಂಟಿನಿಂದ ಭಾಗಿಸಿದ್ದು. ಎರಡೂ ಸೇರಿ ನಾಲ್ಮಡಿಯಾಯಿತು. ಇನ್ನೂರು ಸುತ್ತಿದರೆ 32 ಓಮಿನ ತುದಿಯಾಗುತ್ತದೆ. 16 ಬೇಕಾದರೆ ನೂರನ್ನು ಎರಡರ ವರ್ಗಮೂಲದಿಂದ ಗುಣಿಸಬೇಕು, ಅಂದರೆ 141. ಹೈಸ್ಕೂಲಿನಲ್ಲಿ ನಮಗೆ ವರ್ಗಮೂಲವನ್ನು ಕಲಿಸಿದ ಮೇಷ್ಟರು ಅದರಿಂದ ಏನು ಪ್ರಯೋಜನವೆಂದು ಹೇಳಿರಲಿಲ್ಲ. ಕಾಮಾಕ್ಷಿಪಾಳ್ಯದ ರಟ್ಟಿನ ಮೇಲೆ ಅದು ತಿಳಿಯಿತು.

ಮಾವ 4 ಓಮಿಗೂ ಒಂದು ತುದಿ ಹೊರಡಿಸಲು ಹೇಳಿದರು. ಅದಕ್ಕೆ 71ನೆಯ ಸುತ್ತಿನಲ್ಲಿ ತಂತಿ ತೆಗೆದರೆ ಸಾಕು. ಹೊಸ ತಂತಿ, ಪ್ರತಿ ಪದರಕ್ಕೂ ಕಾಗದ, ವಾಲ್ವಿನ ಸುತ್ತುಗಳ ನಡುವೆ ಸ್ಪೀಕರಿನ ಸುತ್ತು ಹುದುಗಿಸುವ ಹಳೆಯ ಕ್ರಮ, ಕೊನೆಗೆ ವಾರ್ನಿಷಿನಲ್ಲಿ ಅದ್ದಿ ಒಣಗಿಸುವುದು. ಎಲ್ಲಕ್ಕೂ ಒಂದು ವಾರ ಹಿಡಿಯಿತು. ತರುಣ ಮೋಟಾರಿನ ದರವನ್ನೇ ಹಾಕಿದ.

ಮನೆಗೆ ತಂದು ಪೆಟ್ಟಿಗೆಗೆ ಕೂರಿಸುವ ಮೊದಲು ಪರೀಕ್ಷೆ. ವಾಲ್ವಿನ ದೀಪಕ್ಕೆ ಕೊಡುವ 6.3 ವೋಲ್ಟನ್ನು ದೊಡ್ಡ ಸುತ್ತಿಗೆ ಕೊಟ್ಟು, 8ರ ತುದಿಯಲ್ಲಿ ಅಳೆದರೆ ಕಾಲು ವೋಲ್ಟು ಬಂತು. 6.3ಕ್ಕೆ 0.25, ಇಪ್ಪತ್ತೈದರ ಪ್ರಮಾಣ ಸರಿಹೋಯಿತು. ಹೆಸರಿಲ್ಲದ ಹಳೆಯ ಟ್ರಾನ್ಸ್‌ಫಾರ್ಮರು ಸಿಕ್ಕಿದವರು ಹೀಗೆ ಅಳೆದುಕೊಳ್ಳಬಹುದು. ಆದರೆ ಆ 6.3ನ್ನು ತಿಳಿಯದೆ ಸಣ್ಣ ಸುತ್ತಿಗೆ ಕೊಟ್ಟರೆ ದೊಡ್ಡ ಸುತ್ತಿನಲ್ಲಿ 150 ವೋಲ್ಟಿನ ಮೇಲೆ ಹುಟ್ಟುತ್ತದೆ. ಬರಿಗೈಯಲ್ಲಿ ಹಿಡಿದಿದ್ದರೆ ಆಟ ಕೆಟ್ಟಂತೆ.

ಪೆಟ್ಟಿಗೆಗೆ ಕೂರಿಸಿದ ಮೇಲೆ ಸ್ಪೀಕರಿಗೆ ಬದಲಾಗಿ ಮೊದಲು 8 ಓಮಿನ ದಪ್ಪ ತಂತಿರೋಧಕ ಕಟ್ಟಿದರು. ಮನೆಯ ಕರೆಂಟಿಗೂ ಪೆಟ್ಟಿಗೆಗೂ ನಡುವೆ 100 ವಾಟಿನ ಹಳೆಯ ಬುರುಡೆದೀಪವೊಂದನ್ನು ಸಾಲಾಗಿ ಸೇರಿಸಿದರು. ಒಳಗೆ ಶಾರ್ಟಿದ್ದರೆ ದೀಪ ಝಗ್ಗೆಂದು ಉರಿದು ಪೆಟ್ಟಿಗೆ ಉಳಿಯುತ್ತದೆ. ದೀಪ ಒಮ್ಮೆ ಮಿನುಗಿ ಮಂದವಾಯಿತು. ದೀಪವನ್ನು ತೆಗೆದು, ಹಾರ್ನು ಕಟ್ಟಿ, ಸ್ವಿಚ್ಚು ಹಾಕಿ, ವಾಲ್ವು ಕಾಯುವ ಅರ್ಧ ನಿಮಿಷ ಎಲ್ಲರೂ ಉಸಿರು ಹಿಡಿದಿದ್ದೆವು. ಪೆಟ್ಟಿಗೆ ಬೀದಿಗೆಲ್ಲ ಕೇಳುವಂತೆ ಊಳಿಟ್ಟಿತು! ಅತ್ತೆ ಅಡಿಗೆಮನೆಯಿಂದ ಸೌಟು ಹಿಡಿದು ಓಡಿಬಂದರು. ಮಾವ ಮಾತ್ರ ಸ್ವಿಚ್ಚು ಆರಿಸಿ ನಕ್ಕರು; ಎಷ್ಟೋ ದಿನದ ಮೇಲೆ ನಕ್ಕದ್ದು. ಸ್ಪೀಕರಿನ ತುದಿಯಿಂದ ಮುಂದಿನ ವಾಲ್ವಿಗೆ ಹಿಂತಿರುಗಿ ಹೋಗುವ ಸಣ್ಣ ಅಂಶ ತಿದ್ದುವುದರ ಬದಲು ಉಬ್ಬಿಸುತ್ತಿತ್ತು. ಹೊಸ ಸುತ್ತಿನ ದಿಕ್ಕು ತಿರುಗುಮುರುಗಾಗಿತ್ತು, ಅಷ್ಟೆ. ಮತ್ತೆ ಕಂಡೆನ್ಸರು ಬರಿದುಮಾಡಿ, ಎರಡು ದೊಡ್ಡ ವಾಲ್ವಿಗೆ ಹೋಗುವ ತಂತಿಗಳನ್ನು ಅದಲುಬದಲು ಮಾಡಿದರೆ ಊಳು ನಿಂತಿತು.

ಇದಾದ ಮೇಲೆ ಅವರು ಮಾಡಿದ ಒಂದು ಸಣ್ಣ ಕೆಲಸವನ್ನು ಎಲ್ಲರೂ ಮಾಡಬಹುದೆಂದು ನನಗೆ ತೋರುತ್ತದೆ. ಸ್ಪೀಕರಿನ ತುದಿಗಳಿಗೆ ಅಡ್ಡಲಾಗಿ 100 ಓಮಿನ, 10 ವಾಟಿನ ರೋಧಕವೊಂದನ್ನು ಪೆಟ್ಟಿಗೆಯೊಳಗೇ ಖಾಯಮ್ಮಾಗಿ ಬೆಸೆದುಬಿಟ್ಟರು. ಸ್ಪೀಕರು ಇರುವಾಗ ಅದು ತಿನ್ನುವುದು ಒಂದು ವಾಟಿನ ಸುಮಾರು. ತಂತಿ ಕಡಿದರೆ ಬಂಡೆ ಪೂರ್ತಿ ಜಾರದಂತೆ ಒಂದು ಗುಂಡುಕಲ್ಲಾದರೂ ಹಾರೆಯ ತುದಿಯಲ್ಲಿ ಉಳಿದಿರುತ್ತದೆ. ಅದು ಪೂರ್ಣರಕ್ಷೆಯಲ್ಲ, ಸ್ವಿಚ್ಚಿಗೆ ಕೈ ಹೋಗುವಷ್ಟು ಅವಕಾಶ ಕೊಡುತ್ತದೆ.

ತಂತಿಯ ಉದ್ದದ ವಿಚಾರವನ್ನೂ ಹೇಳಬೇಕು. ಮುಕ್ಕಾಲು ಚದರ ಮಿಲಿಮೀಟರಿನ ಸಾಧಾರಣ ತಾಮ್ರದ ಜೋಡಿತಂತಿಯನ್ನು ನೂರು ಮೀಟರು ಎಳೆದರೆ, ಹೋಗಿಬರುವ ದಾರಿ ಸೇರಿ ಅದರ ರೋಧವೇ ನಾಲ್ಕೂವರೆ ಓಮಿನ ಮೇಲಾಗುತ್ತದೆ. 8 ಓಮಿನ ಸ್ಪೀಕರಿಗೆ ಹೋಗುವ ಶಕ್ತಿಯಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ತಂತಿಯಲ್ಲೇ ಬಿಸಿಯಾಗಿ ಸೋರಿಹೋಯಿತು. ಆದುದರಿಂದ ದೂರದೂರಕ್ಕೆ ಹಾರ್ನು ಕಟ್ಟುವವರು 100 ವೋಲ್ಟಿನ ಲೈನು ಬಳಸಿ, ಪ್ರತಿ ಹಾರ್ನಿನ ಬಳಿಯೂ ಒಂದು ಮರಿ ಟ್ರಾನ್ಸ್‌ಫಾರ್ಮರು ಇಡುತ್ತಾರೆ. ಆಗ ಓಮಿನ ಲೆಕ್ಕ ಬೇಡ; ಹಾರ್ನುಗಳ ವಾಟುಗಳನ್ನು ಕೂಡಿ, ಮೊತ್ತ ಆಂಪ್ಲಿಫೈಯರಿನ ವಾಟನ್ನು ಮೀರದಂತೆ ನೋಡಿಕೊಂಡರೆ ಮುಗಿಯಿತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿನ ಬೀದಿದೀಪಗಳಿಗೆ ವಿದ್ಯುತ್ತು ತಂದವರ ಉಪಾಯವೂ ಇದೇ: ವೋಲ್ಟು ಏರಿಸಿ ಕಳುಹಿಸು, ತಲಪಿದ ಕಡೆ ಇಳಿಸಿಕೊ. ಚರಿತ್ರೆಯ ಮೇಷ್ಟರಿಗೂ ಸ್ವಲ್ಪ ಮಾತನಾಡಲು ಅವಕಾಶವಿರಲಿ.

ಮೀಟರಿನ ಬಗ್ಗೆ ಒಂದು ಎಚ್ಚರಿಕೆ. ಮೀಟರು ತೋರಿಸುವುದು ತಂತಿಯ ರೋಧವನ್ನು, ಇಂಪಿಡೆನ್ಸನ್ನಲ್ಲ. 8 ಓಮಿನ ಸ್ಪೀಕರಿಗೆ ಮೀಟರಿನಲ್ಲಿ ಆರು ಏಳು ಬರುತ್ತದೆ, 16ಕ್ಕೆ ಹನ್ನೆರಡು ಹದಿಮೂರು. ಅಂಗಡಿಯವನು ಮೋಸಮಾಡಿದನೆಂದು ಜಗಳಕ್ಕೆ ಹೋಗಬೇಕಾಗಿಲ್ಲ. ಆದರೆ ಮೀಟರು ಏನನ್ನೂ ತೋರದಿದ್ದರೆ ಸುರುಳಿ ಕಡಿದಿದೆ. ಸೊನ್ನೆಯ ಬಳಿ ನಿಂತರೆ ಒಳಗೆ ಕೂಡಿಕೊಂಡಿದೆ. ಎರಡನ್ನೂ ಪೆಟ್ಟಿಗೆಯ ಬಳಿಗೆ ತರಕೂಡದು. ಕಳೆದ ದಸರೆಯ ರಜಾದಲ್ಲಿ ಮಾವನ ಮೊಮ್ಮಗ ಹಳೆಯ ಕಾರಿನಿಂದ ಬಿಚ್ಚಿದ 4 ಓಮಿನ ಎರಡು ಸ್ಪೀಕರು ತಂದು, "ತಾತ, ಸಾಲಾಗಿ ಕಟ್ಟಿದ್ರೆ ಎಂಟಾಗುತ್ತೆ ಅಲ್ವಾ?" ಎಂದ. ಲೆಕ್ಕ ಸರಿಯಾಗಿತ್ತು, ತಾತನ ಮುಖ ಅರಳಿತು. ಅಳೆದರೆ ಒಂದು ಮೂರೂವರೆ ತೋರಿಸಿತು, ಇನ್ನೊಂದು ಒಂದೇ ಒಂದು. ಎರಡನೆಯದು ಗುಜರಿಗೆ ಹೋಯಿತು. ಮೊದಲನೆಯದನ್ನು 71ನೆಯ ಸುತ್ತಿನ ತುದಿಗೆ ಕಟ್ಟಿಕೊಟ್ಟರು.

ಮಾವನಿಗೆ ಈಗ ಎಂಬತ್ತು ದಾಟಿದೆ. ಕಿವಿ ಮಂದವಾಗಿದೆ, ಹಾಡು ಸರಿಯಾಗಿ ಬರುತ್ತಿದೆಯೇ ಎಂಬುದನ್ನು ನಮ್ಮನ್ನು ಕೇಳಿ ತಿಳಿಯುತ್ತಾರೆ, ಟ್ರಾನ್ಸ್‌ಫಾರ್ಮರು ಸುಖವಾಗಿದೆಯೇ ಎಂಬುದನ್ನು ಮಾತ್ರ ಅದರ ಹೊರಕವಚಕ್ಕೆ ಅಂಗೈಯ ಹಿಂಬದಿ ಸೋಕಿಸಿ ತಾವೇ ತಿಳಿಯುತ್ತಾರೆ. ಆ ಅನಾಹುತದ ಮುಂದಿನ ರಾಮನವಮಿಗೂ ಪೆಟ್ಟಿಗೆ ಕೊಟ್ಟರು. ಬಳಿಯಲ್ಲಿ ಕೂರಲು ಅದೇ ಹುಡುಗನೇ ಬೇಕೆಂದು ಹಟಮಾಡಿದರು. ಈಗ ಎಡಗಡೆಯ 6ಎಲ್6 ಸ್ವಲ್ಪ ಸೊರಗಿದೆಯಂತೆ. ಒಂದನ್ನೇ ಬದಲಾಯಿಸಿದರೆ ಗರಗಸದ ಎಳೆತ ಸಮವಾಗದು, ಜೋಡಿಯೇ ಬೇಕು. ಶನಿವಾರ ಸದರ್ ಪತ್ರಪ್ಪನ ರಸ್ತೆಗೆ ಅವರ ಜತೆ ಹೋಗಲು ಒಪ್ಪಿಕೊಂಡಿದ್ದೇನೆ.